ಕವಿಯಜ್ಜಿಯೂ ಬುರುಡೆಯ ಮೊಸಳೆಯೂ

“ಅಮ್ಮನಾಣೆ ಅಂಕಲ್, ಒಂದಕ್ಷರಾನೂ ಸುಳ್ಳಲ್ಲ! ಪೊಲೀಸರು ಬಂದಾಗ ಈ ಅಜ್ಜಿ ಮೊಸಳೆ ಮೇಲೆ ಕೂತು ಹೊಳೆ ದಾಟ್ತಿದ್ರು!”

ಬಸ್‌ಸ್ಟಾಪಿನ ಫುಟ್‌ಪಾತಿನಲ್ಲಿ ನಿಂತಿದ್ದ ಬುರುಡೆ, ಕೈಯಲ್ಲಿದ್ದ ಫೋಟೋವನ್ನು ಇನ್ನಷ್ಟು ಮೇಲೆತ್ತಿದಳು. ಅವಳಿಗೆ ಬೇರೆ ಹೆಸರೂ ಇತ್ತು. ಆದರೆ ಬುರುಡೆ ಬಿಡುವುದರಲ್ಲಿ ಇಡೀ ಐದನೇ ಕ್ಲಾಸಿಗೇ ಫಸ್ಟ್. ಹಾಜರಿ ಕೂಗುವಾಗ ಟೀಚರ್ ಕೂಡ ಒಮ್ಮೊಮ್ಮೆ ಬುರುಡೆ ಎಂದೇ ಕೂಗಿಬಿಡುತ್ತಿದ್ದರು.

ಫೋಟೋದಲ್ಲಿದ್ದವರು ಒಬ್ಬ ಕವಿ. ಸರ್ಕಾರಕ್ಕೆ ಸಿಟ್ಟು ಬರುವಂಥ ಪದ್ಯ ಬರೆದು ಜೈಲಿನಲ್ಲಿದ್ದರು. ಅಂಥವರ ಫೋಟೋ ಹಿಡಿದು ಇನ್ನೂ ಕೆಲವರು ಸಾಲಾಗಿ ನಿಂತಿದ್ದರು. ಗುಂಪು ಸೇರಬಾರದು, ಘೋಷಣೆ ಕೂಗಬಾರದು ಅಂತ ಸರ್ಕಾರದ ಆರ್ಡರ್. ಹಾಗಾಗಿ ಪ್ರತಿ ಭಾನುವಾರ ದೂರ ದೂರ, ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನೋಡಿದರೆ ಬಸ್ಸಿಗೆ ಕಾಯುವವರ ಹಾಗೇ ಇದ್ದರು. ಬಸ್ಸು ಬಂದರೆ ಮಾತ್ರ ಯಾರೂ ಹತ್ತುತ್ತಿರಲಿಲ್ಲ.

ಅವರದೇ ಒಂದು ರೂಲ್ಸ್ ಇತ್ತು. ತಮ್ಮ ಮನೆಯವರ ಫೋಟೋವನ್ನು ತಾವೇ ಹಿಡಿಯುವಂತಿಲ್ಲ.

“ನಮ್ಮವರಿಗೆ ನಾವು ಅತ್ರೆ ಅದು ಮನೆ ವಿಷಯ. ಬೇರೆಯವರು ಬಂದು ನಿಂತ್ರೆ ಊರಿನ ವಿಷಯ,” ಎನ್ನುತ್ತಿದ್ದಳು ಬುರುಡೆಯ ಅತ್ತೆ. ಇದೆಲ್ಲ ಶುರು ಮಾಡಿದವಳೇ ಅವಳು.

ಬುರುಡೆಯ ಅಪ್ಪ ಪತ್ರಕರ್ತ. ಅವನೂ ಜೈಲಿನಲ್ಲಿದ್ದ. ಅವನ ಫೋಟೋ ಆಚೆ ತುದಿಯಲ್ಲಿ ಮೆಡಿಕಲ್ ಶಾಪಿನ ಅಂಕಲ್ ಕೈಯಲ್ಲಿತ್ತು. ಕವಿಯಜ್ಜಿಯ ಫೋಟೋ ಹಿಡಿಯಬೇಕಾದ ಟೈಲರಿಗೆ ಜ್ವರ. ಅದಕ್ಕೇ ಬುರುಡೆಗೆ ಚಾನ್ಸ್ ಸಿಕ್ಕಿತ್ತು.

“ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳು. ಉಪ್ಪುಖಾರ ಹಚ್ಬೇಡ,” ಎಂದು ಅತ್ತೆ ಎಚ್ಚರಿಸಿದ್ದಳು.

ಬುರುಡೆ ಹಾಗೇ ಶುರು ಮಾಡಿದ್ದಳು. ಆದರೆ ಜನ ಅರ್ಧ ಕೇಳಿ ಹೋಗಿಬಿಡುತ್ತಿದ್ದರು. ಈ ಮೀಸೆ ಅಂಕಲ್ ಕೂಡ ಹೊರಟೇಬಿಟ್ಟಿದ್ದ. ಮೊಸಳೆ ಬಂದದ್ದು ಆಗಲೇ. ಅವನು ನಿಂತ. ಅವನ ಜೊತೆಗಿದ್ದವನೂ ನಿಂತ.

“ಮೊಸಳೆ ಕಚ್ಲಿಲ್ವಾ?”

“ಅಜ್ಜಿ ಪದ್ಯ ಹೇಳಿ ಮಲಗಿಸಿದ್ರು. ನಿದ್ದೇಲೇ ಈಜ್ತಿತ್ತು.”

ಮೀಸೆ ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಭಲೇ ಬೊಗಳೆ! ಹಂಗಾದ್ರೆ ಜೈಲಲ್ಲಿರೋದೂ ಬೊಗಳೇನೇ ಅನ್ನು.”

“ಇಲ್ಲ ಅಂಕಲ್, ಅದು ನಿಜ.”

“ಮತ್ತೆ ಆ ಫೋಟೋದವನು?” ಅವನು ಮೆಡಿಕಲ್ ಶಾಪ್ ಅಂಕಲ್ ಕಡೆ ಕೈ ತೋರಿಸಿದ. “ಅವನೇನು, ಆನೆ ಕದ್ದನಾ?”

“ಅವರು... ಅವರು ನಮ್ಮಪ್ಪ. ಪೇಪರಲ್ಲಿ ಬರೀತಿದ್ರು.”

“ನಿಮ್ಮಪ್ಪಾನಾ! ಕೇಳಿದ್ಯೇನಯ್ಯಾ? ಇನ್ನೊಂದು ಚೂರು ನಿಂತ್ರೆ ಇವಳಮ್ಮ ಮಹಾರಾಣಿ ಆಗ್ತಾಳೆ, ನಡಿ ನಡಿ!”

ಇಬ್ಬರೂ ನಗುತ್ತಲೇ ಹೋದರು.

ಬುರುಡೆಯ ಕಿವಿ ಬಿಸಿಯಾಯಿತು. ಅಪ್ಪನ ವಿಷಯ ನಿಜ ಎಂದು ಆಣೆ ಹಾಕಲು ಬಾಯಿ ತೆರೆದಳು. ಆದರೆ ಆಣೆ ಆಗಲೇ ಮೊಸಳೆಗೆ ಖರ್ಚಾಗಿಹೋಗಿತ್ತು.

ಪಕ್ಕದಲ್ಲಿ ಇನ್ಯಾರದೋ ಫೋಟೋ ಹಿಡಿದು ನಿಂತಿದ್ದವಳು ಕವಿಯಜ್ಜಿಯ ಮಗಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ.

“ನಮ್ಮಮ್ಮಂಗೆ ನೀರು ಕಂಡ್ರೇ ಭಯ, ಪುಟ್ಟಾ,” ಎಂದಳು ಮೆಲ್ಲಗೆ.

ಬುರುಡೆ ತಲೆ ತಗ್ಗಿಸಿದಳು. ಆಮೇಲೆ ಕೇಳಿದಳು. “ಮತ್ತೆ ಪೊಲೀಸರು ಬಂದಾಗ ಏನ್ ಮಾಡ್ತಿದ್ರು?”

“ಹಾಲು ಕಾಯಿಸ್ತಿದ್ರು. ಗ್ಯಾಸ್ ಆಫ್ ಮಾಡಿ ಬರ್ತೀನಿ ಅಂದ್ರು. ಅದಕ್ಕೂ ಬಿಡ್ಲಿಲ್ಲ.”

ತರಕಾರಿ ಚೀಲ ಹಿಡಿದ ಆಂಟಿಯೊಬ್ಬಳು ಬುರುಡೆಯ ಎದುರು ನಿಂತಳು. “ಯಾರಮ್ಮಾ ಇವರು?”

ಮೊಸಳೆ ನಾಲಿಗೆ ತುದಿವರೆಗೂ ಬಂತು. ಬುರುಡೆ ಅದನ್ನು ನುಂಗಿದಳು.

“ಕವಿ, ಆಂಟಿ. ಪದ್ಯ ಬರೆದಿದ್ದಕ್ಕೆ ಜೈಲಿಗೆ ಹಾಕಿದಾರೆ. ಪೊಲೀಸರು ಬಂದಾಗ ಹಾಲು ಕಾಯಿಸ್ತಿದ್ರು. ಗ್ಯಾಸ್ ಆಫ್ ಮಾಡಿ ಬರ್ತೀನಿ ಅಂದ್ರು. ಅದಕ್ಕೂ...”

ಬಸ್ಸು ಬಂತು. ಆಂಟಿ ಓಡಿ ಹತ್ತಿಕೊಂಡಳು.

ಬುರುಡೆ ಕೂಗಿ ಕರೆಯಲಿಲ್ಲ. ಫೋಟೋವನ್ನು ಬಸ್ಸಿನ ಕಿಟಕಿಗಳ ಕಡೆ ತಿರುಗಿಸಿ, ಎತ್ತಿ ಹಿಡಿದಳು.