ಭಜಿ ಕಟ್ಟಿದ ಕಾದಂಬರಿ

“ತಡೀರಿ... ಆ ಹಾಳಿ ಹರೀಬ್ಯಾಡ್ರಿ.”

ಮಾಳಿಂಗನ ಕೈ ಅಲ್ಲೇ ನಿಂತಿತು. ಆಳಂದ ಬಸ್ ಸ್ಟ್ಯಾಂಡಿನ ಎದುರು ಭಜಿ ಬಂಡಿ ಹಾಕಿಕೊಂಡ ಮೇಲೆ ಅವನು ಎಂಥೆಂಥ ಗಿರಾಕಿಗಳನ್ನೋ ಕಂಡಿದ್ದ. ಉಪ್ಪು ಕಡಿಮೆ ಎಂದವರುಂಟು, ಚುರುಮುರಿಯ ಸುಸಲಾ ಇನ್ನೊಂದಿಷ್ಟು ಹಾಕು ಎಂದವರುಂಟು. ಭಜಿ ಬಿಟ್ಟು ರದ್ದಿ ಹಾಳೆಗೆ ಕೈ ಹಾಕಿದವಳು ಇವಳೊಬ್ಬಳೇ.

“ಅಂಥಾದ್ದು ಏನದರಿ ಇದರಾಗ?”

“ಇಂಗ್ಲಿಷ್ ಕಥಿ ಅದರಿ.”

ಇಷ್ಟು ಹೇಳಿ ಶಿವಗಂಗಾ ತಲೆ ತಗ್ಗಿಸಿದಳು. ನರೋಣಾದಿಂದ ದಿನಾ ಇಲ್ಲಿಗೆ ಟೈಪಿಂಗ್ ಕ್ಲಾಸಿಗೆ ಬರುವ ಈ ಹುಡುಗಿ ಬಿ.ಎ. ಮುಗಿಸಿ, ಅಫಜಲಪುರದ ಒಂದು ಶಾಲೆಗೆ ಟೀಚರ್ ಕೆಲಸ ಕೇಳಿಕೊಂಡು ಹೋಗಿದ್ದಳು. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಎಂದಾಗ ಬಾಯಿಗೆ ಮಾತೇ ಬರಲಿಲ್ಲ. ಮುಂದಿನ ವರ್ಷ ಮತ್ತೆ ಬನ್ನಿ ಎಂದು ಕಳಿಸಿದ್ದರು. ಅಂದಿನಿಂದ ಎಲ್ಲಿ ಇಂಗ್ಲಿಷ್ ಅಕ್ಷರ ಕಂಡರೂ ಅವಳ ಕಣ್ಣು ಅಲ್ಲೇ ನೆಡುತ್ತಿತ್ತು.

“ಉಳಿದ ಹಾಳಿ ಅದಾವೇನ್ರಿ?” ಅವಳ ದನಿಯಲ್ಲಿ ಆಸೆ ಇತ್ತು.

ಮಾಳಿಂಗ ಮೂಲೆಯಲ್ಲಿದ್ದ ರದ್ದಿ ಗಂಟು ನೋಡಿದ. ಆಮೇಲೆ ಅವಳನ್ನು ನೋಡಿದ. ಯಾವುದೋ ಹಳೆಯ ಕಾಲದ ಕಾದಂಬರಿ. ರಟ್ಟಿಲ್ಲ, ಹೆಸರಿಲ್ಲ, ಹೊಲಿಗೆ ಬಿಟ್ಟು ಗಂಟಿನ ತುಂಬ ಚೆದುರಿತ್ತು.

“ಎಲ್ಲಿ ಕೂಡ್ಯಾವೋ ಏನೋ. ಸಿಕ್ಕಂಗ ಕೊಡ್ತೇನಿ, ದಿನಾ ಬಂದು ಹೋಗ್ರಿ.”

ಸುಳ್ಳುಗಾರ! ಅದೇ ಸಂಜೆ ಗಂಟು ಬಿಚ್ಚಿ, ಹಾಳೆಯ ನಂಬರ್ ನೋಡಿ ನೋಡಿ ಪೂರ್ತಿ ಕಾದಂಬರಿ ಜೋಡಿಸಿಟ್ಟ. ಇಂಗ್ಲಿಷ್ ಬರದಿದ್ದರೇನು, ಅಂಕಿ ಬರುತ್ತಿತ್ತಲ್ಲ.

ಮರುದಿನ ಅವಳ ಭಜಿ ಮೊದಲನೇ ಹಾಳೆಯಲ್ಲಿ ಬಂತು. ಎಣ್ಣೆ ಹೀರಿ ಆಚೆ ಈಚೆಯ ಅಕ್ಷರಗಳೆರಡೂ ಒಟ್ಟಿಗೇ ಕಾಣುತ್ತಿದ್ದವು. ಮನೆಯಲ್ಲಿ ಜೋಳದ ಹಿಟ್ಟು ಉದುರಿಸಿ, ಒರೆಸಿ, ಗಾಳಿಗಿಟ್ಟು ಓದಿದಳು. ಬಾರದ ಶಬ್ದಗಳ ಅರ್ಥವನ್ನು ಮೊಬೈಲಿನಲ್ಲಿ ಹುಡುಕಿದಳು. ಎಣ್ಣೆಯ ಈ ಪಾಡನ್ನು ಅವಳಿಂದ ಕೇಳಿದ ಮೇಲೆ ಮಾಳಿಂಗ ಭಜಿಯನ್ನು ಪೇಪರಿನಲ್ಲಿ ಕಟ್ಟಿ, ಕಾದಂಬರಿಯ ಹಾಳೆಯನ್ನು ಬೇರೆಯಾಗಿ ಮಡಚಿ ಕೊಡತೊಡಗಿದ.

“ನಂಬರ್ ಪ್ರಕಾರನ ಸಿಗಾಕತ್ತಾವಲ್ರಿ ಹಾಳಿ?”

“ನಿಮ್ಮ ನಸೀಬ್ರಿ.”

ಓದುಗರೇ, ಅಷ್ಟೊಂದು ಶಬ್ದ ಕಲಿತ ಹುಡುಗಿಗೆ ಇಷ್ಟು ಮಾತ್ರ ಅರ್ಥವಾಗಲಿಲ್ಲವೇ? ಆಗಿತ್ತು. ಆದರೆ ಕೇಳಿಬಿಟ್ಟರೆ ಕನಸು ಒಡೆದೀತೆಂದು ಸುಮ್ಮನಿದ್ದಳು.

ಮಧ್ಯಾಹ್ನದ ಬಸ್ಸು ಬರುವ ತನಕ ಅವಳು ಬಂಡಿಯ ಪಕ್ಕದ ಬೇವಿನ ನೆರಳಲ್ಲಿ ಕೂತು ಅವನಿಗೆ ಕಥೆ ಹೇಳುವಳು. ಗಾಳಿಯಿಂದ ತಿರುಗುವ ಗಿರಣಿಯ ಹುಡುಗಿ, ಹೊಳೆ ದಾಟಿಸುವ ಅಂಬಿಗ... ಕೇಳುತ್ತ ಕೇಳುತ್ತ ಮಾಳಿಂಗನ ಭಜಿ ಕರಿಯಾಗುತ್ತಿದ್ದವು.

“ಇವತ್ತ ಯಾವ ಶಬ್ದ ಕಲ್ತಿರಿ?”

“ರಿಲಕ್ಟೆಂಟ್.”

“ಅಂದ್ರ?”

ಅವಳು ಬಸ್ಸು ಬರುವ ದಾರಿ ನೋಡಿದಳು. “ಕಾಲು ಮುಂದ ಹೋಗತಾವ, ಮನಸು ಹಿಂದ ಉಳಿತದ. ಹಂಗರಿ.”

“ಹಂಗಾರ ನರೋಣಾ ಬಸ್ ಬಂದಾಗ ನೀವು...” ಎಂದವನು ಮಾತು ನುಂಗಿ ಜಾಲರಿ ಸೌಟು ಹಿಡಿದು ಎಣ್ಣೆಗೆ ತಿರುಗಿದ. ಆ ದಿನ ಅವಳು ಭಜಿಯನ್ನೇ ಬಿಟ್ಟು ಬಸ್ಸು ಹತ್ತಿದಳು.

ಹೀಗೇ ಮಳೆಗಾಲ ಹೋಯಿತು, ಚಳಿ ಹೋಯಿತು. ಹಾಳೆಗಳ ಕಟ್ಟು ತೆಳ್ಳಗಾಯಿತು. ಕಥೆ ಮುಗಿದ ಮೇಲೆ ಅವಳು ಈ ಬಂಡಿಗೆ ಯಾಕೆ ಬಂದಾಳು? ಮಾಳಿಂಗನಿಗೆ ಇದೊಂದೇ ಚಿಂತೆಯಾಯಿತು.

ಅಷ್ಟರಲ್ಲಿ ಒಂದು ದಿನ ಅವಳು ಓಡೋಡಿ ಬಂದಳು.

“ಕೆಲಸ ಸಿಕ್ತರಿ! ಇಂಗ್ಲಿಷ್‌ನಾಗ ಮಾತಾಡಿದೆ, ಒಪ್ಪಿದ್ರು. ಸೋಮವಾರ ಅಫಜಲಪುರಕ್ಕ ಹೋಗ್ತೇನಿ. ಆ ಕಡಿ ಗೊಬ್ಬೂರದಾಗ ಸೋದರತ್ತಿ ಮನಿ ಅದ, ಅಲ್ಲೇ ಇರ್ತೇನಿ.”

“ಚಲೋ ಆತ್ರಿ,” ಎಂದ ಮಾಳಿಂಗ. ಭಜಿ ಕಟ್ಟಿ ಕೊಟ್ಟ. ಜೊತೆಗೆ ಹಾಳೆ ಇರಲಿಲ್ಲ.

“ಹಾಳಿ ಎಲ್ರಿ? ಇನ್ನ ಸ್ವಲ್ಪ ಉಳಿದಿತ್ತಲ್ಲ ಕಥಿ?”

“ಮುಗದಾವ್ರಿ.”

ಆಗಲೇ ಪಕ್ಕದಲ್ಲಿ ನಿಂತಿದ್ದ ಟಂಟಂ ಆಟೋ ಡ್ರೈವರನ ಕೈಯಲ್ಲಿದ್ದ ಪೊಟ್ಟಣ ಅವಳ ಕಣ್ಣಿಗೆ ಬಿತ್ತು. ಅದರ ಮೇಲೆಲ್ಲ ಇಂಗ್ಲಿಷ್ ಅಕ್ಷರ.

ಕೊನೆಯ ಹಾಳೆಯನ್ನೂ ಯಾರಿಗೋ ಕಟ್ಟಿ ಕೊಟ್ಟನಲ್ಲ... ಹಾಗಾದರೆ ಇವನಿಗೆ ಅದು ಬರೀ ರದ್ದಿ. ನಾನು ಬರೀ ಗಿರಾಕಿ...

“ಬರ್ತೇನ್ರಿ,” ಎಂದಳು. ಕಣ್ಣು ತುಂಬಿ ಬಸ್ಸಿನ ಬೋರ್ಡೂ ಕಾಣಲಿಲ್ಲ.

ಡ್ರೈವರನ ಪೊಟ್ಟಣದ ಮೇಲಿದ್ದದ್ದು ಯಾವುದೋ ಹಳೆಯ ಕಂಪ್ಯೂಟರ್ ಗೈಡಿನ ಹಾಳೆ. ಅದನ್ನು ಹೇಳಬೇಕಾದವನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ.

ಸೋಮವಾರ ಶಿವಗಂಗಾ ಆಳಂದದಲ್ಲಿ ಅಫಜಲಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಬಂಡಿಯ ಕಡೆ ನೋಡಬಾರದೆಂದು ನಿಶ್ಚಯ ಮಾಡಿದ್ದಳು. ಆದರೂ ನೋಡಿದಳು. ಒಲೆ ಉರಿಯುತ್ತಿತ್ತು, ಅವನಿರಲಿಲ್ಲ.

“ಶಿವಗಂಗಾ ಅವ್ರ...”

ಕಿಟಕಿಯ ಕೆಳಗೇ ನಿಂತಿದ್ದ. ಹೆಗಲ ಟವೆಲಿನಲ್ಲಿ ಕೈಗಳನ್ನು ಮತ್ತೆ ಮತ್ತೆ ಒರೆಸಿಕೊಂಡು, ಅಂಗಿಯೊಳಗಿಂದ ಕೆಲವು ಹಾಳೆ ತೆಗೆದ. ಒಂದು ಹನಿ ಎಣ್ಣೆ ಸೋಕಿರಲಿಲ್ಲ.

“ಮುಗದಾವ ಅಂದಿದ್ದು ಸುಳ್ಳರಿ. ಮೊದಲನೇ ದಿನಾನ ಎಲ್ಲಾ ಹುಡಿಕಿ ಇಟ್ಟಿದ್ದೆ. ಸಿಕ್ಕಂಗ ಕೊಡ್ತೇನಿ ಅಂದಿದ್ದೂ ಸುಳ್ಳ.”

“ಯಾಕ್ರಿ?” ಅವಳು ಕಿಟಕಿಗೆ ಬಾಗಿದಳು.

“ಕಥಿ ಮುಗದ್ರ ನೀವು ಬರಂಗಿಲ್ಲ ಅಂತ ಅಂಜಿಕಿ. ಇವು ಕೊಡಾಕ ನಾ... ರಿಲಕ್ಟೆಂಟ್ ಇದ್ದೆರಿ.” ನೆಲ ನೋಡುತ್ತ ಹೇಳಿದ. “ನೀವಂದ್ರ ನನಗ ಜೀವರಿ.”

ಕಂಡಕ್ಟರ್ ಸೀಟಿ ಊದಿದ. ಶಿವಗಂಗಾಳಿಗೆ ಅಳುವೂ ಬಂತು, ನಗುವೂ ಬಂತು. ವರ್ಷವಿಡೀ ಕಲಿತ ಇಂಗ್ಲಿಷಿನಲ್ಲಿ ಒಂದು ಶಬ್ದವೂ ನೆನಪಾಗಲಿಲ್ಲ.

“ನನಗೂ ಹಂಗ ಆಗ್ಯದರಿ,” ಎಂದಳು ಮೆಲ್ಲಗೆ.

ಅವನ ಮುಖ ಅರಳಿತು. “ಲಗೂನ ಓದಿ ಹೇಳ್ರಿ. ಕೊನಿಗಿ ಆ ಗಿರಣಿ ಹುಡುಗಿ, ಅಂಬಿಗ ಇಬ್ಬರೂ ಕೂಡತಾರೇನು?”

ಅವಳು ಹಾಳೆಗಳನ್ನು ತೆಗೆದುಕೊಂಡಳು. ಕೊನೆಯದೊಂದನ್ನು ಮಾತ್ರ ಓದದೆ ಮಡಚಿ ಅವನ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿದಳು.

“ಇದು ನಿಮ್ಮ ಹತ್ರ ಇರಲಿ. ಐತ್ವಾರ ಸಾಲಿ ಸೂಟಿ ಅದ, ಬರ್ತೇನಿ. ಒಂದ್ ಐತ್ವಾರಕ್ಕ ಒಂದ್ ಲೈನ್ ಓದೋಣು.”

ಬಸ್ಸು ನಿಧಾನವಾಗಿ ಹೊರಟಿತು. ಅವನು ಕಿಟಕಿ ಹಿಡಿದು ಜೊತೆಗೇ ನಡೆದ.

“ಎಲ್ಲಾ ಲೈನ್ ಓದಿ ಮುಗದ ಮ್ಯಾಲ?”

“ಮೊದಲನೇ ಹಾಳಿ ನನ್ನ ಪೆಟ್ಟಿಗ್ಯಾಗ ಅದ, ಮಾಳಿಂಗ.”