ಬ್ಯಾಗ್ ಕಾಯುವವಳು ಬಸ್ಸಿಳಿದಳು

ನನ್ನನ್ನು ಆತ ಮೊಟ್ಟಮೊದಲು ಕರೆದದ್ದು ಕಳ್ಳಿ ಎಂದು.

"ಯಾರ್ರೀ ಅದು? ಬ್ಯಾಗಿಂದ ಕೈ ತೆಗೀರಿ! ಹಾಡಹಗಲೇ ಕಳ್ಳತನಾನಾ?"

ಟೂರಿಸ್ಟ್ ಬಸ್ಸಿನ ಕೊನೆಯ ಸೀಟಿನಲ್ಲಿ ನಾಲ್ಕು ಬ್ಯಾಗುಗಳ ನಡುವೆ ಹುದುಗಿ ಕೂತು, ಐದನೆಯದರ ಜಿಪ್ ಎಳೆದು ಕತ್ತರಿ ಹುಡುಕುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಡ್ರೈವರ್. ಕೈಯಲ್ಲಿ ಗಾಜು ಒರೆಸುವ ಬಟ್ಟೆ, ಅದನ್ನೇ ಕತ್ತಿಯ ಹಾಗೆ ಎತ್ತಿ ಹಿಡಿದಿದ್ದ.

"ಇದು ನನ್ನ ಬ್ಯಾಗು," ಎಂದೆ. "ಉಳಿದ ನಾಲ್ಕು ನಮ್ಮ ಅಣ್ಣಂದು, ಅತ್ತಿಗೇದು, ಅತ್ತಿಗೆ ತಂಗೀದು, ಅವಳ ಗಂಡಂದು. ಕದಿಯೋಳಾಗಿದ್ರೆ ಇವನ್ಯಾಕೆ ಮುಟ್ತಿದ್ದೆ? ಅತ್ತಿಗೆ ಬ್ಯಾಗಲ್ಲಿ ಮೂರು ದಿನಕ್ಕೆ ನಾಲ್ಕು ಜೊತೆ ಚಪ್ಪಲಿ ಇದೆ, ಅಷ್ಟೇ."

ಆತನ ಮುಖ ಕೆಂಪಾಯಿತು. ನಲವತ್ತಾರು ನಲವತ್ತೇಳರ ಗಂಡಸು, ಕಿವಿಯ ಮೇಲೆ ನರೆ, ನಾಚಿಕೆ ಮಾತ್ರ ಹದಿನಾರರದು. "ತಪ್ಪಾಯ್ತು ಮೇಡಂ. ಎಲ್ಲರೂ ಇಳಿದ್ರು ಅಂದ್ಕೊಂಡೆ. ನೀವ್ಯಾಕೆ ಫಾಲ್ಸ್ ನೋಡೋಕೆ ಹೋಗ್ಲಿಲ್ಲ?"

"ಮಂಡಿ ನೋವು."

ನಾಲ್ಕು ವರ್ಷದ ಹಿಂದೆ ಬಿದ್ದು ಮಂಡಿಗೆ ಪೆಟ್ಟಾಗಿದ್ದು ನಿಜ. ಮೂರೇ ತಿಂಗಳಲ್ಲಿ ವಾಸಿಯಾದದ್ದೂ ನಿಜ. ಆದರೆ ನಮ್ಮ ಮನೆಯವರು ಒಮ್ಮೆ ಹಣೆಪಟ್ಟಿ ಹಚ್ಚಿದರೆ ಮುಗಿಯಿತು. ಬಸ್ಸು ನಿಂತ ಕೂಡಲೇ ಅಣ್ಣ ಅಪ್ಪಣೆ ಕೊಡಿಸಿದ್ದ: "ಪುಟ್ಟಿಗೆ ಮೆಟ್ಟಿಲು ಆಗಲ್ಲ. ಅವಳು ಬ್ಯಾಗ್ ನೋಡ್ಕೊಂಡಿರ್ತಾಳೆ." ನನಗೆ ನಲವತ್ತಮೂರು. ಮದುವೆಯಾಗದ ತಂಗಿಗೆ ಕೂದಲು ಬೆಳ್ಳಗಾದರೂ ಅವಳು ಪುಟ್ಟಿಯೇ.

"ಕತ್ತರಿ ಯಾಕೆ ಮೇಡಂ?"

"ನಿಮ್ಮ ಕರ್ಟನ್ ನೋಡಿ. ಅಂಚೆಲ್ಲ ಬಿಚ್ಚಿ ಜೋತಾಡ್ತಿದೆ. ಬೆಳಿಗ್ಗೆಯಿಂದ ಕಣ್ಣಿಗೆ ಚುಚ್ತಾ ಇದೆ. ನಾನು ಟೈಲರ್."

ಆತ ಬಂದು ಮುಂದಿನ ಸೀಟಿನಲ್ಲಿ ತಿರುಗಿ ಕೂತ. ಸೂಜಿಗೆ ದಾರ ಪೋಣಿಸುತ್ತೇನೆಂದು ತಾನೇ ಕೈಚಾಚಿದ. "ಹೇರ್‌ಪಿನ್ ತಿರುವಲ್ಲಿ ಇಡೀ ಬಸ್ ತೂರಿಸ್ತೀನಿ, ಇದೇನು ಮಹಾ?" ಸೂಜಿಯನ್ನು ತೋಳುದ್ದ ದೂರ ಹಿಡಿದ, ಮೂಗಿನ ಹತ್ತಿರ ತಂದ, ಒಂದು ಕಣ್ಣು ಮುಚ್ಚಿದ, ನಾಲಿಗೆ ಕಚ್ಚಿದ. ಏಳು ಸಲ ತಪ್ಪಿತು. ನಾನು ನಗು ತಡೆದುಕೊಂಡು ಕೂತಿದ್ದೆ. ಎಂಟನೇ ಸಲ ಆತನೇ ನಕ್ಕು ಸೂಜಿ ನನಗೆ ಕೊಟ್ಟುಬಿಟ್ಟ.

"ಚಾಳೀಸು ಬಂದಿದೆ ರೀ ನಿಮಗೆ," ಎಂದೆ.

"ದೂರದ್ದು ಚೆನ್ನಾಗಿ ಕಾಣುತ್ತೆ. ಹತ್ತಿರದ್ದು ಕಾಣೋ ಸಂದರ್ಭ ಬಂದಿರ್ಲಿಲ್ಲ," ಎಂದು ನನ್ನನ್ನೇ ನೋಡಿದ. ನೋಡಿ ಬೇಗ ಕಿಟಕಿಯ ಕಡೆ ತಿರುಗಿದ. ನಾನು ಹೊಲಿಗೆ ಹಾಕಿದ ಮೊದಲ ನಾಲ್ಕು ಇಂಚು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹಾಕಬೇಕಾಯಿತು.

ಅಣ್ಣ ನನ್ನನ್ನು ಸುಮ್ಮಸುಮ್ಮನೆ ಟೂರಿಗೆ ಕರೆತಂದಿರಲಿಲ್ಲ. ಅವನ ಮಗಳಿಗೆ ಅವಳಿ ಮಕ್ಕಳು, ಅವಳು ಇನ್ನು ಕೆಲಸಕ್ಕೆ ಹೋಗಬೇಕು. ನಾನು ಅಂಗಡಿ ಮುಚ್ಚಿ ಅವರ ಮನೆಗೆ ಬಂದು ಮಕ್ಕಳನ್ನು ಸಾಕಬೇಕು. "ಟೂರ್ ಮುಗಿಯೋದ್ರೊಳಗೆ ಹೂಂ ಅಂದುಬಿಡು ಪುಟ್ಟಿ. ಒಬ್ಬಳೇ ಎಷ್ಟು ದಿನ ಅಂತ ಇರ್ತೀಯ?" ಹದಿನೆಂಟು ವರ್ಷ ನಾನೇ ಕಟ್ಟಿದ ಅಂಗಡಿ ಅದು. ಒಂದು ಮಷೀನು, ಒಂದು ಕಟಿಂಗ್ ಟೇಬಲ್, ನನ್ನ ಅಳತೆಯನ್ನೇ ನಂಬಿದ ಅರ್ಧ ಊರು. ಇಲ್ಲ ಎನ್ನಬೇಕೆಂದು ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ಅಣ್ಣನಿಗೆ ಇಲ್ಲ ಎಂದು ಅಭ್ಯಾಸವಿರಲಿಲ್ಲ.

ಎರಡನೇ ದಿನ ಬಸ್ಸು ಮೋಡದೊಳಗೆ ನುಗ್ಗಿ ಬೆಟ್ಟ ಹತ್ತಿತು. ಗೈಡ್ ಕೊರಳಲ್ಲಿ ಸೀಟಿ ಕಟ್ಟಿಕೊಂಡ ದಪ್ಪನೆಯ ಹೆಂಗಸು. ಎಲ್ಲರೂ ಅವಳನ್ನು ಪೀಪಿ ಮೇಡಂ ಎನ್ನುತ್ತಿದ್ದರು. ಎಡಗಡೆ ನೋಡಿ, ಬಲಗಡೆ ನೋಡಿ ಎಂದು ಮೈಕಿನಲ್ಲಿ ಕೂಗುತ್ತಿದ್ದಳು. ನಾನು ಎಡವನ್ನೂ ನೋಡಲಿಲ್ಲ ಬಲವನ್ನೂ ನೋಡಲಿಲ್ಲ. ಡ್ರೈವರ್ ತಲೆ ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು ಆಗಾಗ ಹಿಂದಿನ ಸೀಟಿಗೆ ಬಂದು ಹೋಗುತ್ತಿದ್ದವು, ಅದನ್ನು ನೋಡುತ್ತಿದ್ದೆ. ಒಂದು ಸಲ ಹುಬ್ಬೇರಿಸಿ 'ರಸ್ತೆ ನೋಡ್ರೀ' ಎಂದು ಸನ್ನೆ ಮಾಡಿದೆ. ಕಣ್ಣುಗಳು ನಕ್ಕವು.

ಎಲ್ಲರೂ ಎರಡನೇ ಜಲಪಾತಕ್ಕೆ ಇಳಿದ ಮೇಲೆ ಕೇಳಿದೆ, "ಈ ಫಾಲ್ಸ್ ಹೇಗಿದೆ? ಚೆನ್ನಾಗಿದೆಯಾ?"

"ನಂಗೇನು ಗೊತ್ತು? ನೋಡಿಲ್ಲ."

"ಎಷ್ಟು ವರ್ಷದಿಂದ ಈ ರೂಟಲ್ಲಿ ಇದ್ದೀರಿ?"

"ಹನ್ನೊಂದು."

ನಾನು ಸೂಜಿ ಕೆಳಗಿಟ್ಟೆ. ಆತ ತಮಾಷೆ ಮಾಡುತ್ತಿರಲಿಲ್ಲ. ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ ಉಳಿದರೂ ಡ್ರೈವರ್ ಬಸ್ಸು ಬಿಟ್ಟು ಹೋಗಬಾರದೆಂದು ಕಂಪನಿಯ ರೂಲ್ಸು. ಪ್ರತಿ ಟ್ರಿಪ್ಪಿನಲ್ಲೂ ಯಾರಾದರೊಬ್ಬರು ಉಳಿದೇ ಉಳಿಯುತ್ತಾರೆ. ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ನಿದ್ದೆ, ಮತ್ತೊಬ್ಬರಿಗೆ ಗಂಡನ ಮೇಲೆ ಕೋಪ.

"ಆದ್ರೆ ವಾಪಸ್ ಬರೋರ ಮುಖ ನೋಡಿದ್ರೆ ಸಾಕು, ಎಲ್ಲಾ ಗೊತ್ತಾಗುತ್ತೆ," ಎಂದ. "ನಿನ್ನೆ ಹೋದ್ರಲ್ಲ, ಅಲ್ಲಿಂದ ನಗ್ತಾ ಬರ್ತಾರೆ. ಇಲ್ಲಿಂದ ಸುಸ್ತಾಗಿ ಜಗಳ ಆಡ್ಕೊಂಡು ಬರ್ತಾರೆ. ನಾಳೆ ದೊಡ್ಡ ಫಾಲ್ಸ್. ಅಲ್ಲಿಂದ ಬಂದೋರು ಅರ್ಧ ಗಂಟೆ ಮಾತೇ ಆಡಲ್ಲ. ಏನಿದೆಯೋ ಅಲ್ಲಿ, ದೇವರಿಗೇ ಗೊತ್ತು."

"ಮದುವೆ?" ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು.

"ಹೆಣ್ಣಿನ ಕಡೆಯೋರು ಕೇಳ್ತಿದ್ರು, ತಿಂಗಳಿಗೆ ಎಷ್ಟು ದಿನ ಮನೇಲಿರ್ತೀಯಪ್ಪ ಅಂತ. ಎಂಟು ಅಂತಿದ್ದೆ. ಟೀ ಕುಡಿದು ಎದ್ದು ಹೋಗ್ತಿದ್ರು. ಸುಳ್ಳು ಹೇಳೋಕೆ ಬರ್ಲಿಲ್ಲ." ಗಾಜು ಒರೆಸುವ ಬಟ್ಟೆ ಮಡಚುತ್ತಾ ಕೇಳಿದ, "ಮೇಡಂ, ನಿಮ್ದು ಯಾವ ಮಷೀನು? ಕರೆಂಟಿಂದಾ?"

"ಇಲ್ಲ, ಕಾಲಲ್ಲಿ ತುಳಿಯೋದು."

"ದಿನಕ್ಕೆ ಎಷ್ಟು ಹೊತ್ತು ತುಳೀತೀರಿ?"

"ಎಂಟು ಗಂಟೆ. ಸೀಸನ್ನಲ್ಲಿ ಹತ್ತು."

"ನಾನೂ ಪೆಡಲ್ ತುಳಿಯೋನೇ. ಕಾಲು ಏನು ಅಂತ ನಂಗೊತ್ತು. ಹತ್ತು ಗಂಟೆ ತುಳಿಯೋ ಕಾಲಿಗೆ ಮೆಟ್ಟಿಲು ಆಗಲ್ಲ ಅಂತ ಯಾರು ಹೇಳಿದ್ದು ನಿಮಗೆ?"

ನಾಲ್ಕು ವರ್ಷದಲ್ಲಿ ನನ್ನ ಮಂಡಿಯ ಬಗ್ಗೆ ಎಲ್ಲರೂ ಮಾತಾಡಿದ್ದರು. ನನ್ನ ಕಾಲನ್ನು ಹೊಗಳಿದವನು ಇವನೊಬ್ಬನೇ. ಆ ಕ್ಷಣವೇ ನನಗೆ ಆತನ ಮೇಲೆ ಪ್ರೀತಿ ಹುಟ್ಟಿತು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಮೂರನೇ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಅಣ್ಣ ಬ್ರೆಡ್ಡಿಗೆ ಜಾಮ್ ಸವರುತ್ತಾ ಹೇಳಿದ, "ಅಂದಹಾಗೆ ಪುಟ್ಟಿ, ನಿನ್ನ ಅಂಗಡಿ ಓನರ್‌ಗೆ ಫೋನ್ ಮಾಡಿದ್ದೆ. ತಿಂಗಳ ಕೊನೆಗೆ ಖಾಲಿ ಮಾಡ್ತೀವಿ ಅಂದಿದ್ದೀನಿ. ನೀನು ಹೂಂ ಅಂತೀಯ ಅಂತ ಗೊತ್ತೇ ಇತ್ತಲ್ಲ."

"ಮಷೀನ್ ಬೇಕಾದ್ರೆ ಮನೆಗೆ ತಂದಿಟ್ಕೋ," ಎಂದು ಅತ್ತಿಗೆ ಉದಾರತೆ ತೋರಿಸಿದಳು. "ಮಕ್ಕಳು ಮಲಗಿದಾಗ ಟೈಮ್ ಪಾಸ್ ಆಗುತ್ತೆ."

ನನ್ನ ಹದಿನೆಂಟು ವರ್ಷ ಇವಳಿಗೆ ಟೈಮ್ ಪಾಸ್! ನನ್ನ ಸಿಟ್ಟು ಒಲೆಯ ಮೇಲಿನ ಹಾಲಿನ ಹಾಗೆ, ಇಟ್ಟ ಕೂಡಲೇ ಉಕ್ಕುವುದಿಲ್ಲ. ಲೋಟ ಕೆಳಗಿಟ್ಟು ಬಸ್ ಹತ್ತಿದೆ.

ದೊಡ್ಡ ಜಲಪಾತದ ಪಾರ್ಕಿಂಗಿನಲ್ಲಿ ನಮ್ಮದೊಂದೇ ಬಸ್ಸು. ಐನೂರ ಎಂಬತ್ತು ಮೆಟ್ಟಿಲು ಎಂದು ಪೀಪಿ ಮೇಡಂ ಎಚ್ಚರಿಸಿದಳು. ಅಣ್ಣ ತನ್ನ ಬ್ಯಾಗನ್ನು ನನ್ನ ಮಡಿಲಿಗೇ ಇಟ್ಟು ಇಳಿದ. ಎಲ್ಲರ ತಲೆಯೂ ಕಾಡಿನ ತಿರುವಿನಲ್ಲಿ ಮರೆಯಾಯಿತು. ದೂರದಿಂದ ನೀರಿನ ಮೊರೆತ ಕೇಳುತ್ತಿತ್ತು.

"ಡ್ರೈವರ್ ಸಾಹೇಬ್ರೇ," ಎಂದೆ, "ನಾನು ಇಲ್ಲಿ ಕೂತಿದ್ರೆ ನೀವೂ ಕೂತಿರಬೇಕು, ಅಲ್ವಾ?"

"ಹೌದು."

"ನಾನು ಇಳಿದ್ರೆ?"

ಆತ ನಿಧಾನವಾಗಿ ತಿರುಗಿದ. "ಬಾಗಿಲಿಗೆ ಬೀಗ ಹಾಕಬಹುದು."

ಅಲ್ಲಾ, ಬಸ್ಸಿಗೆ ಬೀಗವಿರುವಾಗ ನಾನು ಮೂರು ದಿನದಿಂದ ಯಾರ ಚಪ್ಪಲಿ ಕಾಯುತ್ತಿದ್ದೆ? ಅಣ್ಣನ ಬ್ಯಾಗನ್ನು ಸೀಟಿನ ಮೇಲೆ ಎತ್ತಿ ಹಾಕಿ ಇಳಿದೆ. ಹಿಂದೆ ಕೀಲಿ ತಿರುಗಿದ ಸದ್ದು ಕೇಳಿತು.

ಮೊದಲ ನೂರು ಮೆಟ್ಟಿಲು ಮಂಡಿ ಗೊಣಗಿತು. ಗೊಣಗಿಕೊಳ್ಳಲಿ ಎಂದು ಬಿಟ್ಟೆ. ಪಾಚಿ ಇದ್ದಲ್ಲಿ ಆತ ಒಂದು ಮೆಟ್ಟಿಲು ಮುಂದೆ ಇಳಿದು ಕೈ ಚಾಚುತ್ತಿದ್ದ, ಹಿಡಿಯಲೇಬೇಕೆಂಬ ಒತ್ತಾಯವಿಲ್ಲದೆ. ಇನ್ನೂರನೆಯ ಮೆಟ್ಟಿಲಿನವರೆಗೆ ನಾನು ಬಿಗುಮಾನ ಮಾಡಿದೆ. ಆಮೇಲೆ ಹಿಡಿದೆ, ಬಿಡಲಿಲ್ಲ.

ಮುಕ್ಕಾಲು ದಾರಿಯಲ್ಲಿ ನಮ್ಮವರು ಎದುರಾದರು. ಏದುಸಿರು ಬಿಡುತ್ತಾ ಹತ್ತುತ್ತಿದ್ದ ಅಣ್ಣ ನನ್ನ ಮುಖ ನೋಡಿದ, ಕೈ ನೋಡಿದ, ಆತನ ಕೈ ನೋಡಿದ. ಮಂಡಿ ಹೇಗಿದೆ ಎಂದು ಕೇಳುತ್ತಾನೇನೋ ಎಂದು ಒಂದು ಗಳಿಗೆ ಕಾದೆ.

"ಬ್ಯಾಗ್ ಹತ್ರ ಯಾರಿದ್ದಾರೆ?" ಎಂದ.

"ಬೀಗ," ಎಂದು ಹೇಳಿ ಇಳಿದೆ.

ಕೊನೆಯ ತಿರುವು ದಾಟಿದೆವು. ಬೆಟ್ಟದ ನೆತ್ತಿಯಿಂದ ನೀರು ಬೆಳ್ಳಗೆ ಬೀಳುತ್ತಿತ್ತು, ಬಿದ್ದು ಹೊಗೆಯಾಗಿ ಮೇಲೇಳುತ್ತಿತ್ತು. ತುಂತುರು ಮುಖಕ್ಕೆ, ಕೂದಲಿಗೆ, ಆತನ ಖಾಕಿ ಶರ್ಟಿಗೆ ಬಡಿಯಿತು. ಆತ ಬಾಯಿ ತೆರೆದುಕೊಂಡು ನಿಂತ. ಕಣ್ಣಿಂದ ಇಳಿದದ್ದು ತುಂತುರಲ್ಲ ಎಂದು ನನಗೆ ಗೊತ್ತಾಯಿತು.

"ಹನ್ನೊಂದು ವರ್ಷ ರೀ! ಇದನ್ನ ಬಿಟ್ಟು ಪಾರ್ಕಿಂಗ್ ಗೋಡೆ ನೋಡ್ತಾ ಕೂತಿದ್ನಲ್ಲಾ!"

ಇಲ್ಲಿ ಬಂದವರು ಮಾತು ಮರೆಯುತ್ತಾರಂತೆ. ನಾನು ಮರೆಯಲಿಲ್ಲ. ನಲವತ್ತಮೂರು ವರ್ಷದಿಂದ ಮರೆತಿದ್ದದ್ದೇ ಸಾಕಾಗಿತ್ತು. ನೀರಿನ ಸದ್ದನ್ನು ಮೀರಿಸಿ ಕೂಗಿದೆ, "ನನ್ನ ಮದುವೆ ಆಗ್ತೀರಾ?"

ಆತ ಬೆಚ್ಚಿಬಿದ್ದ. "ಏನಂದ್ರಿ?"

"ಕೇಳಿಸ್ತು ನಿಮಗೆ! ಇನ್ನೊಂದು ಸಲ ಹೇಳಲ್ಲ!"

"ಮೂರು ದಿನದ ಪರಿಚಯ..."

"ಹುಟ್ಟಿದಾಗಿನ ಪರಿಚಯದೋರು ನನ್ನ ಕೈಗೆ ಬ್ಯಾಗ್ ಕೊಟ್ಟು ಹೋದ್ರು."

"ತಿಂಗಳಿಗೆ ಎಂಟೇ ದಿನ ಮನೇಲಿರೋದು ನಾನು."

"ನಾನೇನು ಮನೇಲಿ ಇರೋಳಾ? ಅಂಗಡೀಲಿ ಇರೋಳು! ಎಂಟು ದಿನ ನಂಗೆ ಧಾರಾಳ ಆಯ್ತು."

ಆತ ನಕ್ಕ. ಆಮೇಲೆ ನಗು ನಿಂತಿತು, ತಲೆ ತಗ್ಗಿಸಿದ. "ನಿಮ್ಮಣ್ಣ ಒಪ್ಪಲ್ಲ. ನನ್ನಿಂದ ನೀವು ಮನೆಯೋರನ್ನ ಕಳ್ಕೊಳ್ಳೋದು ಬೇಡ. ಯೋಚನೆ ಮಾಡಿ." ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಹತ್ತುವಾಗ ಕೈ ಮಾತ್ರ ಬಿಡಲಿಲ್ಲ. ಐನೂರ ಎಂಬತ್ತು ಮೆಟ್ಟಿಲನ್ನೂ ನಾನು ಹತ್ತಿದೆ, ದಣಿವಿಗಿಂತ ಭಯ ಹೆಚ್ಚಾಗಿತ್ತು.

ಬಸ್ಸಿನ ಮುಂದೆ ಇಡೀ ಟೂರು ನೆರೆದಿತ್ತು. ಪೀಪಿ ಮೇಡಂ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತಿದ್ದಳು.

"ನಾಚಿಕೆ ಆಗಲ್ವಾ?" ಎಂದ ಅಣ್ಣ. "ಜನ ಏನಂತಾರೆ?"

"ಜನ ಜಲಪಾತ ನೋಡೋಕೆ ಬಂದಿದ್ದಾರೆ ಅಣ್ಣ, ನನ್ನನ್ನಲ್ಲ."

ಅಲ್ಲೇ ಫೋನ್ ತೆಗೆದು ಅಂಗಡಿ ಓನರ್‌ಗೆ ಮಾಡಿದೆ, ಸ್ಪೀಕರ್ ಹಾಕಿ. "ನಮಸ್ಕಾರ ಸಾರ್. ಅಂಗಡಿ ಬಾಡಿಗೆ ಕರಾರು ನನ್ನ ಹೆಸರಲ್ಲಿದೆ, ನಮ್ಮಣ್ಣನ ಹೆಸರಲ್ಲಲ್ಲ. ನಾನು ಖಾಲಿ ಮಾಡಲ್ಲ. ಸೋಮವಾರ ಒಂಬತ್ತಕ್ಕೆ ಬಾಗಿಲು ತೆಗೀತೀನಿ."

"ಅಯ್ಯೋ, ಒಳ್ಳೇದೇ ಆಯ್ತಮ್ಮ," ಎಂದರು ಓನರ್. "ನನ್ನ ಪ್ಯಾಂಟು ಎರಡು ನಿನ್ನ ಹತ್ರಾನೇ ಇದೆ."

ಯಾರೋ ಕಿಸಕ್ಕೆಂದರು. ಅತ್ತಿಗೆ ಮೂಗಿನ ಮೇಲೆ ಬೆರಳಿಟ್ಟಳು. "ಈ ವಯಸ್ಸಲ್ಲಿ ಇದೆಲ್ಲ ಬೇಕಾ?"

"ಇನ್ಯಾವ ವಯಸ್ಸಲ್ಲಿ ಅತ್ತಿಗೆ? ಬೇರೆ ವಯಸ್ಸಲ್ಲೆಲ್ಲ ನೀವು ಕರೆದಾಗ ನಿಮ್ಮ ಮನೆ ಕೆಲಸಕ್ಕೆ ಓಡಿ ಬಂದ್ನಲ್ಲ."

ಅಣ್ಣನ ಮುಖ ಕಪ್ಪಿಟ್ಟಿತು. ಡ್ರೈವರ್ ಕಡೆ ಬೆರಳು ಮಾಡಿದ. "ಇವನನ್ನ ನಂಬ್ಕೊಂಡು ಹಾರಾಡ್ತಿದ್ದೀಯ. ನಾಳೆ ಬೆಳಗಾದ್ರೆ ಇನ್ನೊಂದು ಟೂರ್ ಹಿಡ್ಕೊಂಡು ಹೋಗ್ತಾನೆ. ನಿನ್ನ ನೆನಪೂ ಇರಲ್ಲ ಇವನಿಗೆ."

ನಾನು ಆತನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಅಂಗಡಿಗಾಗಿ ನಾನೊಬ್ಬಳೇ ಜಗಳವಾಡಬಲ್ಲೆ, ಗೆದ್ದೂ ಆಗಿತ್ತು. ಇದಕ್ಕೆ ಮಾತ್ರ ಇನ್ನೊಬ್ಬರ ಬಾಯಿ ಬೇಕಿತ್ತು.

"ಹೋಗ್ತೀನಿ ಸಾರ್," ಎಂದ ಡ್ರೈವರ್. ಧ್ವನಿ ಹಿಂದೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ನಾಳೆ ಹೋಗಲೇಬೇಕು, ನನ್ನ ಕೆಲಸ ಅದು. ನಾಲ್ಕನೇ ದಿನ ವಾಪಸ್ ಬರ್ತೀನಿ. ಇಷ್ಟು ವರ್ಷ ಬಂದು ಶೆಡ್ಡಲ್ಲಿ ಮಲಗ್ತಿದ್ದೆ, ಬಾ ಅನ್ನೋರು ಇರ್ಲಿಲ್ಲ. ನಿಮ್ಮ ತಂಗಿ ಬಾ ಅಂದಿದ್ದಾರೆ. ಅವರನ್ನ ಕಂಡ್ರೆ ನಂಗೆ ಪ್ರಾಣ. ನಾನು ಅವರನ್ನ ಮದುವೆ ಆಗ್ತೀನಿ."

ಪೀಪಿ ಮೇಡಂ ಕೊನೆಗೂ ಸೀಟಿ ಊದಿದಳು. ಡ್ರೈವರ್ ಬೀಗ ತೆಗೆದ ಕೂಡಲೇ ಹತ್ತಿ, ಮುಂದಿನ ಸಾಲಿನ ತನ್ನ ಸೀಟಿನಿಂದ ಮೈಕು, ನೀರಿನ ಬಾಟಲಿ ಎತ್ತಿಕೊಂಡು, "ಬಾರಮ್ಮ, ಇಲ್ಲಿ ಕೂತ್ಕೋ. ಇಲ್ಲಿಂದ ಬೆಟ್ಟ ಚೆನ್ನಾಗಿ ಕಾಣುತ್ತೆ," ಎಂದಳು. ಕೂತೆ. ಮುಖ ತುಂಬ ನಗು. ಜನ ಒಬ್ಬೊಬ್ಬರಾಗಿ ನನ್ನನ್ನು ನೋಡಿಕೊಂಡೇ ಹತ್ತಿದರು. ಅತ್ತಿಗೆಯೂ ಹತ್ತಿದಳು. ಅಣ್ಣನೊಬ್ಬ ಕೈಕಟ್ಟಿಕೊಂಡು ಕೆಳಗೇ ನಿಂತ.

"ಸಾರ್, ಬಾಗಿಲು ಹಾಕ್ಬೇಕು," ಎಂದು ಡ್ರೈವರ್ ಮರ್ಯಾದೆಯಿಂದಲೇ ಹೇಳಿ ಗಾಡಿ ಸ್ಟಾರ್ಟ್ ಮಾಡಿದ.

ಅಣ್ಣ ಹತ್ತಿದ. ಹತ್ತದೆ ಏನು ಮಾಡುತ್ತಾನೆ? ಬೆಟ್ಟ ಇಳಿಯಲು ಇದ್ದದ್ದು ಅದೊಂದೇ ಬಸ್ಸು, ಅದನ್ನು ಓಡಿಸುವವನು ಅವನ ತಂಗಿಯ ಗಂಡನಾಗುವವನು.