ಮರಳಿ ಬಂದ ಸೀಟಿ

ಶನಿವಾರ ಸಂಜೆ ಆರೂವರೆಗೆ ಹುಡುಗಿಯೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಅಲ್ಲಿನ ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ. ಅವಳ ಭುಜ ಹಿಡಿದುಕೊಂಡು ಸೋದರಮಾವ ಬಂದಿದ್ದ. ಪೇಟೆಯಲ್ಲಿ ಹರಿದ ಚೀಲ, ಸೂಟ್‌ಕೇಸು ರಿಪೇರಿ ಮಾಡುವ ಅವನನ್ನು ಎಲ್ಲರೂ ಚೀಲದಣ್ಣ ಎನ್ನುತ್ತಾರೆ. ಅಂಗಿಯ ಕಾಲರಿನಲ್ಲಿ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡೇ ಊರೆಲ್ಲ ತಿರುಗುವ ಮನುಷ್ಯ.

“ಅಪ್ಪ ಮನೆಗೆ ಬಂದಿಲ್ಲ ಮೇಡಂ,” ಎಂದಳು ಹುಡುಗಿ. “ಮಧ್ಯಾಹ್ನ ವಾಕಿಂಗ್ ತಂಡದ ಜೊತೆ ಬಂಡೆಗುಡ್ಡಕ್ಕೆ ಹೋಗಿದ್ರು. ಐದಕ್ಕೆಲ್ಲ ಬಂದುಬಿಡೋರು.”

“ಫೋನು?” ಇನ್‌ಸ್ಪೆಕ್ಟರ್ ಕೇಳಿದರು.

“ಅಲ್ಲಿ ಸಿಗ್ನಲ್ ಸಿಗಲ್ಲ ಅಂತ ಮನೇಲೇ ಬಿಟ್ಟು ಹೋಗ್ತಾರೆ.”

ಬಂಡೆಗುಡ್ಡದ ದಾರಿ ಎಂದರೆ ಮಕ್ಕಳಾಟ. ಮರಳಿನ ಮೇಲೆ ಮುಕ್ಕಾಲು ಗಂಟೆ ನಡೆದರೆ ಕಡಲಿನೊಳಕ್ಕೆ ಚಾಚಿಕೊಂಡ ಗುಡ್ಡ ಸಿಗುತ್ತದೆ. ಹತ್ತಲು ಮೆಟ್ಟಿಲಿನಂಥ ಬಂಡೆಗಳಿವೆ. ಒಂದೇ ತಾಪತ್ರಯವೆಂದರೆ ಗುಡ್ಡದ ಹಿಂಬದಿ: ಭರತ ಏರಿದಾಗ ಅಲ್ಲಿನ ಬಂಡೆಗಳು ಮುಳುಗುತ್ತವೆ. ಅದಕ್ಕೇ ತಂಡದವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ದಾರಿ ಶುರುವಾಗುವಲ್ಲಿ ಒಂದು ಶೆಡ್ಡು, ಅದರ ಗೋಡೆಗೆ ಹಲಗೆ, ಹಲಗೆಯಲ್ಲಿ ಒಬ್ಬೊಬ್ಬರಿಗೂ ಒಂದು ಮೊಳೆ, ಮೊಳೆಗೊಂದು ಸೀಟಿ. ಹೋಗುವಾಗ ಸೀಟಿ ಕೊರಳಿಗೆ, ಬಂದಮೇಲೆ ಮೊಳೆಗೆ. ಮೊಳೆ ಖಾಲಿಯಿದ್ದರೆ ಒಬ್ಬರು ಬಂದಿಲ್ಲವೆಂದರ್ಥ, ತಕ್ಷಣ ಹುಡುಕಲು ಓಡಬೇಕು.

ಇನ್‌ಸ್ಪೆಕ್ಟರ್ ತಂಡದ ಮುಂದಾಳಿಗೆ ಫೋನು ಹಚ್ಚಿದರು. ಅವನು ಬೀಚಿನಲ್ಲಿ ಜೀವರಕ್ಷಕನಾಗಿದ್ದು ನಿವೃತ್ತನಾದವನು.

“ಹಲಗೆ ತುಂಬಿದೆ ಮೇಡಂ. ನಾನೇ ನೋಡಿ ಶೆಡ್ಡಿಗೆ ಬೀಗ ಹಾಕಿದೀನಿ. ಎಲ್ಲಾ ಸರಿಯಿದೆ.”

“ನಾನೂ ಹೋಗಿದ್ದೆನಲ್ಲ,” ಎಂದ ಚೀಲದಣ್ಣ ಮೆಲ್ಲಗೆ. “ಭಾವ ನನಗಿಂತ ಮುಂದೆ ಬಂದ್ರು. ತಾವು ಕೆಲಸಕ್ಕಿದ್ದ ಬಸ್ ಡಿಪೊ ಕಡೆ ಹೋಗಿರ್ತಾರೆ, ಮಾತಿಗೆ ಕೂತ್ರೆ ಹೊತ್ತು ಗೊತ್ತಾಗಲ್ಲ ಅವರಿಗೆ.”

“ಎಲ್ಲಾ ಸರಿಯಿದೆ” ಎಂದು ಯಾರಾದರೂ ಹೇಳಿದರೆ ಸಾಮಾನ್ಯವಾಗಿ ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯುತ್ತದೆ. ಆ ದಿನ ಮಾತ್ರ ಅದ್ಯಾವ ಗಳಿಗೆಯೋ, ನಂಬಿದರು. ಕಾಣೆಯಾದವರ ದೂರು ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್, ಬಾಯಿ ಮುಚ್ಚುವುದೇ ಇಲ್ಲವೆಂದು ಠಾಣೆಯವರು ರೇಡಿಯೊ ಎಂದು ಕರೆಯುವವನು, ಬಸ್ ಡಿಪೊ, ಆಸ್ಪತ್ರೆ, ಪಾರ್ಕು ಎಲ್ಲ ಸುತ್ತಿದ. ಕಡಲ ಕಡೆ ಒಬ್ಬರೂ ತಲೆ ಹಾಕಲಿಲ್ಲ.

ಭಾನುವಾರ ಬೆಳಿಗ್ಗೆ ಗಾಳ ಹಾಕಲು ಹೋದವನೊಬ್ಬ ಹೆಣ ಕಂಡು ಓಡಿಬಂದ.

ಗುಡ್ಡದ ಹಿಂಬದಿಯಲ್ಲಿ, ಎರಡು ಬಂಡೆಗಳ ನಡುವೆ ಬಲಗಾಲು ಸಿಕ್ಕಿಕೊಂಡ ಹಾಗೆಯೇ ಹುಡುಗಿಯ ಅಪ್ಪ, ಡಿಪೊದ ನಿವೃತ್ತ ಟೈಮ್‌ಕೀಪರ್, ಬಿದ್ದಿದ್ದರು. ಪಂಚರ ಎದುರಿಗೆ ಪಂಚನಾಮೆ ನಡೆಯಿತು. ಅಂಗೈಗಳು ಕಿತ್ತುಹೋಗಿದ್ದವು. ಕಾಲು ಬಿಡಿಸಿಕೊಳ್ಳಲು ಬಂಡೆಯನ್ನು ಪರಚಿದ್ದರು. ಕತ್ತಿನ ಹಿಂಬದಿಯಲ್ಲಿ ಪಟ್ಟಿ ಎಳೆದಂತೆ ತೆಳ್ಳಗೆ ಒಂದು ಗಾಯ. ಸೀಟಿ ಇರಲಿಲ್ಲ.

ಮಧ್ಯಾಹ್ನ ಶವಪರೀಕ್ಷೆಯ ಡಾಕ್ಟರು ಕೈಗವಸು ಕಳಚುತ್ತಾ ಹೇಳಿದರು: “ಕಾಲು ಮುರಿದದ್ದು ಸಂಜೆಗೆ ಮುಂಚೆ. ಸತ್ತದ್ದು ನೀರು ಕುಡಿದು.”

“ನಿನ್ನೆ ನೀರು ಅಲ್ಲಿಗೆ ಏರಿದ್ದು ರಾತ್ರಿ ಒಂಬತ್ತಕ್ಕೆ,” ಎಂದ ರೇಡಿಯೊ. ಆರೂವರೆಯಿಂದ ಒಂಬತ್ತರ ತನಕ ಆ ಜೀವ ಅಲ್ಲಿತ್ತು. ಇವನು ಪಾರ್ಕಿನ ಬೆಂಚುಗಳಿಗೆ ಟಾರ್ಚು ಬಿಡುತ್ತಿದ್ದ!

ಹೊರಗೆ ಬೆಂಚಿನ ಮೇಲೆ ಮಗಳು ಕೂತಿದ್ದಳು. ಪಕ್ಕದಲ್ಲಿ ಅವಳ ಮಾವ ನೀರಿನ ಬಾಟಲಿ ಹಿಡಿದುಕೊಂಡಿದ್ದ.

“ನಾನು ತಡ ಮಾಡಿದೆ ಅಲ್ವಾ ಮೇಡಂ?” ಎಂದಳು. “ಐದೂವರೆಗೇ ಬರಬೇಕಿತ್ತು. ಈಗ ಬರ್ತಾರೆ, ಈಗ ಬರ್ತಾರೆ ಅಂತ ಕೂತೆ. ಅಪ್ಪ ಸೀಟಿ ಊದಿರಲ್ವಾ? ಕೂಗಿರಲ್ವಾ? ಯಾರಿಗೂ ಕೇಳಿಸಲಿಲ್ವಾ?”

ಇನ್‌ಸ್ಪೆಕ್ಟರ್ ರೇಡಿಯೊನನ್ನು ಕರೆದುಕೊಂಡು ಜೀಪು ಹತ್ತಿದರು. ಜೀಪು ನೇರ ಶೆಡ್ಡಿಗೆ ಹೋಯಿತು.

ಮುಂದಾಳು ಬೀಗ ತೆಗೆದ. ಹಲಗೆಯ ಮೇಲೆ ಎಲ್ಲ ಸೀಟಿಗಳೂ ಇದ್ದವು. ಸತ್ತವರದೂ ಅವರ ಮೊಳೆಯಲ್ಲೇ ತೂಗುತ್ತಿತ್ತು.

“ಇದನ್ನ ಯಾರು ತಂದು ಹಾಕಿದ್ದು?”

“ಗೊತ್ತಿಲ್ಲ ಮೇಡಂ.”

“ನೀನು ಎಲ್ಲಿದ್ದೆ?”

“ಎದುರಿನ ಟೀ ಅಂಗಡೀಲಿ. ಒಬ್ಬೊಬ್ಬರೇ ಬರ್ತಾರೆ, ಅವರವರ ಸೀಟಿ ಹಾಕಿ ಹೋಗ್ತಾರೆ. ಕೊನೆಗೆ ನಾನು ಹಲಗೆ ನೋಡ್ತೀನಿ.”

“ಮುಖ ನೋಡಲ್ವಾ?”

ಅವನು ತಲೆಯ ಮೇಲೆ ಕೈಹೊತ್ತು ನೆಲದಲ್ಲೇ ಕುಸಿದ. “ಹಲಗೆ ತುಂಬಿತ್ತಲ್ಲ ಮೇಡಂ... ಹಲಗೆ ತುಂಬಿತ್ತು...”

ಇನ್‌ಸ್ಪೆಕ್ಟರ್ ಕರವಸ್ತ್ರದಲ್ಲಿ ಸೀಟಿ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕೊರಳಪಟ್ಟಿ ಒಂದು ಕಡೆ ಹರಿದಿತ್ತು, ಹರಿದದ್ದನ್ನು ಯಾರೋ ಹೊಲಿದಿದ್ದರು.

“ಹಳೇ ಪಟ್ಟಿನಾ ಇದು?”

“ಇಲ್ಲ ಮೇಡಂ, ಹೋದ ವಾರ ಎಲ್ಲಕ್ಕೂ ಹೊಸದು ಹಾಕಿಸಿದೆ. ನಿನ್ನೆ ಅವರ ಕೊರಳಿಗೆ ನಾನೇ ಹಾಕಿಕೊಟ್ಟಿದ್ದು. ನೆಟ್ಟಗಿತ್ತು.”

ಹೊಲಿಗೆ ಅಚ್ಚುಕಟ್ಟಾಗಿತ್ತು. ಮೇಣ ತೀಡಿದ ದಪ್ಪ ದಾರ, ಪುಟ್ಟ ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಒಂದು ಸೀಟಿಪಟ್ಟಿಗೆ ಇಷ್ಟು ಭದ್ರವಾದ ಹೊಲಿಗೆ ಯಾರು ಹಾಕುತ್ತಾರೆ?

ಆಗ ರೇಡಿಯೊ ತನ್ನ ಹೆಗಲಚೀಲವನ್ನು ಮೆಲ್ಲಗೆ ಕೆಳಗಿಳಿಸಿದ. ಅದರ ಪಟ್ಟಿ ಬುಡದಲ್ಲಿ ಕಿತ್ತುಹೋಗಿದ್ದಾಗ ರಿಪೇರಿ ಮಾಡಿಸಿದ್ದ. ಅಲ್ಲೂ ಪುಟ್ಟ ಚೌಕ, ಮೂಲೆಯಿಂದ ಮೂಲೆಗೆ ಎರಡು ಗೆರೆ, ಅದೇ ಮೇಣದ ದಾರ.

“ಅಯ್ಯೋ ದೇವರೇ,” ಎಂದ. “ಮೇಡಂ, ಅವನು ಆ ಹುಡುಗಿ ಪಕ್ಕದಲ್ಲೇ ಕೂತಿದಾನೆ.”

ಸೀಟಿ ಜಪ್ತಿಯಾಯಿತು. ಕೊಲೆಯ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಹುಡುಗಿಯನ್ನು ಮನೆಗೆ ಬಿಟ್ಟು ಅಂಗಡಿಗೆ ಬಂದಿದ್ದ ಚೀಲದಣ್ಣ, ಅರ್ಧ ಬಾಗಿಲೆಳೆದುಕೊಂಡು ಯಾವುದೋ ಮಗುವಿನ ಸ್ಕೂಲ್ ಬ್ಯಾಗಿಗೆ ಜಿಪ್ ಹಾಕುತ್ತಿದ್ದ. ಇನ್‌ಸ್ಪೆಕ್ಟರ್ ಸೀಟಿಯನ್ನು ಅವನ ಮೇಜಿನ ಮೇಲಿಟ್ಟರು.

ಅವನು ಅದನ್ನು ನೋಡಿದ. ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡ.

“ಎಳೆದಾಗ ಹರಿದುಹೋಯ್ತು,” ಎಂದ. “ಹರಿದದ್ದನ್ನ ಹಾಗೇ ನೇತುಹಾಕಿದ್ರೆ ಮುಂದಾಳು ಕೇಳ್ತಿದ್ದ.”

“ನೀನೇ ತಳ್ಳಿದ್ಯಾ?”

“ಇಲ್ಲ. ಅವರೇ ಜಾರಿದ್ರು. ಕಾಲು ಸಿಕ್ಕಿಕೊಳ್ತು. ಸೀಟಿ ಊದೋಕೆ ಕೈ ಹಾಕಿದ್ರು, ನಾನು ಕಿತ್ಕೊಂಡೆ.”

“ಯಾಕೋ?” ಇನ್‌ಸ್ಪೆಕ್ಟರ್ ಕೇಳಿದರು. “ಹೆಣ್ಣು ಕೊಟ್ಟ ಮನೆ ಕಣೋ ಅದು!”

“ನನ್ನ ಅಕ್ಕ ಹೋಗಿ ವರ್ಷ ಆಯ್ತು. ನಿದ್ದೇಲೇ ಹೋದಳು ಅಂತ ಹೇಳಿದ್ರು. ನಂಬಿದ್ದೆ. ನಿನ್ನೆ ಗುಡ್ಡದ ಮೇಲೆ ಕೂತಾಗ ಭಾವ ಅಳ್ತಾ ಬಾಯಿಬಿಟ್ರು. ಮಗು ಊರಲ್ಲಿರದ ಆ ರಾತ್ರಿಯೆಲ್ಲ ಅಕ್ಕ ಎದೆ ನೋವು ಅಂತ ಒದ್ದಾಡಿದಳಂತೆ. ತಮ್ಮನನ್ನ ಕರೀರಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ ಅಂದಳಂತೆ. ಈ ಮನುಷ್ಯ ‘ಗ್ಯಾಸಿರಬೇಕು, ಬೆಳಿಗ್ಗೆ ನೋಡೋಣ’ ಅಂದು ಮಗ್ಗುಲಾದ್ರಂತೆ. ನನ್ನ ಮನೆ ಹಿಂದಿನ ಬೀದೀಲೇ ಇರೋದು ಮೇಡಂ. ಕೂಗಿದ್ರೆ ಕೇಳಿಸ್ತಿತ್ತು.”

ಇನ್‌ಸ್ಪೆಕ್ಟರ್ ಸೀಟಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಈ ಪಟ್ಟಿ ಎಲ್ಲಿ ಹೊಲಿದೆ?”

“ಅಲ್ಲೇ. ಮೇಲಿನ ಬಂಡೆ ಮೇಲೆ ಕೂತು.”

“ಅವರು ಕೆಳಗಿದ್ರಾ?”

“ಇದ್ರು.”

“ಕೂಗ್ತಿದ್ರಾ?”

“ಕೂಗ್ತಿದ್ರು. ಕಾಲು ಹಿಡ್ಕೋತೀನಿ ಅಂದ್ರು, ಮಗಳ ಹೆಸರು ಹೇಳಿದ್ರು. ನಾನು ಹೊಲಿಗೆ ಮುಗಿಸಿ, ಹಲ್ಲಲ್ಲಿ ದಾರ ಕಡಿದು, ಬೆಳಿಗ್ಗೆ ನೋಡೋಣ ಭಾವ ಅಂದೆ.”

ರೇಡಿಯೊ ಕೋಳ ತೊಡಿಸಿದ. ಜೀಪು ಹತ್ತುವಾಗ ಚೀಲದಣ್ಣ ಒಂದೇ ಮಾತು ಕೇಳಿದ: “ಮಗೂಗೆ ಅವರಮ್ಮ ಹೇಗೆ ಹೋದಳು ಅಂತ ಗೊತ್ತಿಲ್ಲ. ಹೇಳಲೇಬೇಕಾ?”

ಸಂಜೆ ಇನ್‌ಸ್ಪೆಕ್ಟರ್ ಒಬ್ಬರೇ ಆ ಮನೆಗೆ ಹೋದರು. ಹುಡುಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಹೊರಗೆ ಅಪ್ಪನ ಚಪ್ಪಲಿ, ಒಳಗೆ ಕುರ್ಚಿಯ ಮೇಲೆ ಮಾವ ಬಿಟ್ಟುಹೋದ ನೀರಿನ ಬಾಟಲಿ.

“ಮಾವ ಎಲ್ಲಿ ಮೇಡಂ? ಫೋನು ಎತ್ತುತ್ತಾ ಇಲ್ಲ.”

“ಕೂತ್ಕೋ ತಾಯಿ. ನೀನು ಮಧ್ಯಾಹ್ನ ಒಂದು ಮಾತು ಕೇಳಿದೆ, ಮೊದಲು ಅದಕ್ಕೆ ಉತ್ತರ ಹೇಳ್ತೀನಿ. ನೀನು ತಡ ಮಾಡಲಿಲ್ಲ.”

“ಮತ್ತೆ?”

“ನೀನು ಬಂದಾಗ ಅಪ್ಪ ಇನ್ನೂ ಬದುಕಿದ್ರು. ತಡ ಮಾಡಿದ್ದು ನಾವು.”

ಅವಳು ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಳು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವಳ ಮಾವನ ವಿಷಯ ಇನ್ನೂ ಹೇಳುವುದಿತ್ತು.